ತಾರಸಿ ಹತ್ತಿ ಬರೋರು ಯಾರು?

ಅಲ್ಲಾ ರೀ, ತಾರಸಿ ಒಂದೇ, ಬಿಸಿಲೂ ಒಂದೇ, ಕೇಳಿದ್ದೂ ಅದೇ 3 ಕಿಲೋವಾಟಿನ ಸೋಲಾರು. ಬಂದು ಅಳತೆ ಹಿಡಿದವರು ಮೂವರು, ಹೇಳಿ ಹೋದ ರೇಟೂ ಮೂರು ಬಗೆ. ಒಬ್ಬರದು 1.65 ಲಕ್ಷ, ಇನ್ನೊಬ್ಬರದು 1.90, ಮೂರನೆಯವರದು 2.20. ನಮ್ಮ ಓಣಿಯ ಬೀದರ್ ಕಾಕಾ ಈ ಮೂರೂ ಕೋಟೇಶನ್ನುಗಳನ್ನ ಮಡಿಚಿ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದಾರೆ. ಹಾಲಿನ ಅಂಗಡಿ ಮುಂದೆ ಯಾರು ಸಿಕ್ಕರೂ ಸರಿ, ಬಿಚ್ಚಿ ತೋರಿಸುತ್ತಾರೆ. "ಇದರಾಗ ಯಾವ್ದು ಖರೇ ಅದ, ಯಾವ್ದು ಸುಳ್ಳ ಅದ, ನೀವೇ ಹೇಳ್ರಿ" ಅಂತ. ಮೂರೂ ಖರೆಯೇ ಇರಬಹುದು ಕಾಕಾ ಅಂದರೆ ಅವರಿಗೆ ಸಮಾಧಾನವಿಲ್ಲ. ಯಾರಿಗಿರುತ್ತೆ ಹೇಳಿ? ಅರ್ಧ ಲಕ್ಷಕ್ಕೂ ಮಿಕ್ಕ ವ್ಯತ್ಯಾಸ ಅಂದರೆ ಸಣ್ಣ ಮಾತಾ?

ನಮ್ಮ ಹೈದರಾಬಾದಿನ ಮೆಹದಿಪಟ್ಟಣಂ ಕಡೆ ತಾರಸಿಗೆ ಮೊದಲೇ ಕೆಲಸ ಜಾಸ್ತಿ. ಹಪ್ಪಳ, ಒಣಮೆಣಸಿನಕಾಯಿ, ಒಗೆದ ಬಟ್ಟೆ, ಎರಡೋ ಮೂರೋ ನೀರಿನ ಟ್ಯಾಂಕು, ಡಿಶ್ಶು, ಸಂಜೆಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ರಂಜಾನ್ ಮುಗಿಯುವ ಹೊತ್ತಿಗೆ ಚಂದ್ರನನ್ನು ಹುಡುಕೋಕೆ ಒಂದು ಗುಂಪು ಹತ್ತುತ್ತೆ, ಸಂಕ್ರಾಂತಿಗೆ ಗಾಳಿಪಟದ ಗುಂಪು ಹತ್ತುತ್ತೆ. ಇಷ್ಟರ ನಡುವೆ ಈಗ ಸೋಲಾರಿಗೂ ಜಾಗ ಬೇಕು. ಎದುರು ಮನೆ ಖಾಲಾ ಖಡಾಖಂಡಿತವಾಗಿ ಹೇಳಿಬಿಟ್ಟರು, ಪ್ಯಾನೆಲ್ಲು ಹಾಕೋದಾದರೆ ಅದರ ಕೆಳಗೆ ತಲೆ ತಗ್ಗಿಸದೆ ಓಡಾಡುವಷ್ಟು ಎತ್ತರ ಇರಬೇಕು, ಮಂಚ ಹಾಕಿಕೊಂಡು ಕೂತರೆ ನೆರಳಾಗಬೇಕು ಅಂತ. ಕೇಳೋಕೆ ಚೆಂದ, ಅಲ್ವಾ? ಆದರೆ ರೇಟು ಏರೋದು ಅಲ್ಲಿಂದಲೇ. ತಾರಸಿಗೆ ಅಂಟಿದಂತೆ ಕೂರಿಸಿದರೆ ಕಬ್ಬಿಣ ಸ್ವಲ್ಪ ಸಾಕು. ಎಂಟಡಿ ಎತ್ತರಕ್ಕೆ ಎತ್ತಿದರೆ ಕಾಲು ಉದ್ದ, ಅಡ್ಡಪಟ್ಟಿ ಹೆಚ್ಚು, ಗಾಳಿಗೆ ನಿಲ್ಲಬೇಕಾದ್ದರಿಂದ ಬುಡದಲ್ಲಿ ಕಾಂಕ್ರೀಟೂ ಹೆಚ್ಚು. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ ಮಳೆಗೆ ಮುಂಚೆ ಬೀಸುತ್ತಲ್ಲ, ಆ ಗಾಳಿ ನೋಡಿದವರಿಗೆ ಬೇರೆ ಹೇಳಬೇಕಿಲ್ಲ.

ಕಾಕಾ ಅವರ ಮೂರು ಕಾಗದಗಳನ್ನ ಪಕ್ಕಪಕ್ಕ ಇಟ್ಟು ನೋಡಿದರೆ ಪ್ಯಾನೆಲ್ಲಿನ ಸಾಲು ಮೂರರಲ್ಲೂ ಹೆಚ್ಚುಕಮ್ಮಿ ಅದೇ. 540 ವಾಟಿನ ಆರು. ಒಂದೊಂದು ಸುಮಾರು ಏಳೂವರೆ ಅಡಿ ಉದ್ದ, ತೂಕ ಹತ್ತಿರ ಹತ್ತಿರ 30 ಕಿಲೋ. ವ್ಯತ್ಯಾಸ ಇರೋದು ಕೆಳಗಿನ ಸಣ್ಣ ಅಕ್ಷರದ ಸಾಲುಗಳಲ್ಲಿ. ಒಬ್ಬರು ಸ್ಟ್ರಕ್ಚರಿಗೆ "ಹಾಟ್ ಡಿಪ್ ಜಿಐ, 80 ಮೈಕ್ರಾನ್" ಅಂತ ಬರೆದಿದ್ದಾರೆ, ಅಂದರೆ ಕಬ್ಬಿಣವನ್ನ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು. ಇನ್ನೊಬ್ಬರು ಬರೀ "ಜಿಐ" ಅಂತ ಬರೆದು ಸುಮ್ಮನಾಗಿದ್ದಾರೆ. ಮೊದಲ ದಿನ ಎರಡೂ ಬೆಳ್ಳಗೆ ಹೊಳೆಯುತ್ತೆ, ಏನೇನೂ ಗೊತ್ತಾಗಲ್ಲ. ಕೊರೆದ ತೂತಿನ ಸುತ್ತ, ವೆಲ್ಡಿಂಗ್ ಮಾಡಿದ ಮೂಲೆಯಲ್ಲಿ, ಮೂರನೇ ಮಳೆಗಾಲದ ಹೊತ್ತಿಗೆ ಕೆಂಪು ಇಳಿಯೋಕೆ ಶುರುವಾದಾಗ ಗೊತ್ತಾಗುತ್ತೆ.

ಇನ್ನು ಅರ್ಥಿಂಗು. ಮೂರು ಗುಂಡಿ ಬೇಕು: ಡಿಸಿ ಕಡೆಗೊಂದು, ಎಸಿ ಕಡೆಗೊಂದು, ಸಿಡಿಲಿನ ಕಂಬಿಗೊಂದು. ಈ ಓಣಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಗೇಟಿನೊಳಗೆ ಸಂಪು ಬಿಟ್ಟರೆ ಮಣ್ಣು ಕಾಣೋದೇ ಅಪರೂಪ. ಮೂರು ಗುಂಡಿ ಎಲ್ಲಿ ತೋಡ್ತೀರಿ ಅಂತ ಕಾಕಾ ಕೇಳಿದರೆ, 1.65 ಲಕ್ಷದವರು "ಒಂದರಲ್ಲೇ ಅಡ್ಜಸ್ಟ್ ಮಾಡೋಣ ಸಾರ್" ಅಂದರಂತೆ. 2.20 ಲಕ್ಷದವರು ಟೈಲ್ಸು ಕಿತ್ತು ತೋಡಿ, ಮತ್ತೆ ಟೈಲ್ಸು ಕೂರಿಸಿ ಕೊಡುವ ಖರ್ಚನ್ನೂ ಕಾಗದದಲ್ಲಿ ಹಾಕಿದ್ದಾರೆ. ಹೀಗೆ ಒಂದೊಂದೇ ಸಾಲು ಬಿಡಿಸುತ್ತಾ ಹೋದರೆ ಆ ಅರ್ಧ ಲಕ್ಷ ಎಲ್ಲಿ ಹೋಯಿತು ಅಂತ ಮುಕ್ಕಾಲು ಪಾಲು ಲೆಕ್ಕ ಸಿಕ್ಕೇಬಿಡುತ್ತೆ.

ಸಬ್ಸಿಡಿ ವಿಷಯ ನಿಮಗೆ ಗೊತ್ತಿರೋದೇ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30,000, ಎರಡಕ್ಕೆ 60,000, ಮೂರಕ್ಕೆ 78,000. ಅಲ್ಲಿಗೆ ನಿಂತಿತು, ಐದು ಹಾಕಿಸಿದರೂ ಅಷ್ಟೇ. ಈ 78,000 ಎಲ್ಲಿಂದ ಬಂತು ಅಂತ ಕಾಕಾಗೆ ಕುತೂಹಲ. ಸರ್ಕಾರದ ಲೆಕ್ಕದಲ್ಲಿ ಮೊದಲ ಎರಡು ಕಿಲೋವಾಟಿಗೆ ತಲಾ 50,000, ಮೂರನೆಯದಕ್ಕೆ 45,000. ಮೊದಲ ಲಕ್ಷದ ಮೇಲೆ 60 ಪರ್ಸೆಂಟು, ಅಂದರೆ 60,000. ಮಿಕ್ಕ 45,000ದ ಮೇಲೆ 40 ಪರ್ಸೆಂಟು, ಅದು 18,000. ಕೂಡಿಸಿದರೆ ಸರಿಹೋಯಿತು. ಆದರೆ ನೋಡಿ, ಸರ್ಕಾರ 1.45 ಲಕ್ಷ ಅಂತ ಹಿಡಿದ ಸಾಮಾನಿಗೆ ನಮ್ಮ ಓಣಿಯಲ್ಲಿ 1.65 ಲಕ್ಷಕ್ಕಿಂತ ಕೆಳಗೆ ಯಾರೂ ಬಾಯಿ ಬಿಡಲಿಲ್ಲ. ಸಬ್ಸಿಡಿ ಬೇಕಾದರೆ ಪ್ಯಾನೆಲ್ಲೂ ಅದರೊಳಗಿನ ಸೆಲ್ಲೂ ಎರಡೂ ಇಲ್ಲೇ ತಯಾರಾಗಿರಬೇಕು, ಡಿಸಿಆರ್ ಅನ್ನೋದು ಅದಕ್ಕೇ. ಅದರ ಬೆಲೆ ಒಂದು ಕೈ ಮೇಲೆ. ದುಡ್ಡು ನಮ್ಮ ಬ್ಯಾಂಕ್ ಖಾತೆಗೆ ಬರೋದು ಎಲ್ಲ ಕೂರಿಸಿ, ನೆಟ್ ಮೀಟರ್ ಹಾಕಿ, ಇನ್‌ಸ್ಪೆಕ್ಷನ್ ಮುಗಿದ ಮೇಲೆ. ಕೆಲವರು ಕೋಟೇಶನ್ನಿನ ಮೊದಲ ಪುಟದಲ್ಲೇ ಅದನ್ನ ಕಳೆದು ದಪ್ಪಕ್ಷರದಲ್ಲಿ 87,000 ಅಂತ ಬರೆದುಬಿಡುತ್ತಾರೆ. ನೋಡಿದವರು ಹಿಗ್ಗುತ್ತಾರೆ. ಅಡ್ವಾನ್ಸ್ ಕೇಳುವಾಗ ಲೆಕ್ಕ ಹಿಡಿಯೋದು ಮಾತ್ರ ಪೂರ್ತಿ 1.65ರ ಮೇಲೆ!

ಪೂರ್ತಿ ದುಡ್ಡು ಕೊಟ್ಟ ಮೇಲಿನ ಕಥೆಯನ್ನ ಖಾಲಾ ಒಂದೇ ಮಾತಿನಲ್ಲಿ ಹೇಳ್ತಾರೆ. "ಪೈಸೇ ದೇನೇ ತಕ್ ಭಾಯಿಜಾನ್, ಬಾದ್ ಮೇ ಕೌನ್ ಜೀ?" ದುಡ್ಡು ಕೊಡೋ ತನಕ ಅಣ್ಣ, ಆಮೇಲೆ ನೀವ್ಯಾರು ಅಂತ. ಅವರ ತಮ್ಮನಿಗೆ ಆದದ್ದು ಅದೇ. ಅತ್ತಾಪುರದ ಕಡೆ ಮನೆ. ನಾಲ್ಕು ವರ್ಷದ ಕೆಳಗೆ ಹಾಕಿಸಿದ್ದರು, ಹೆಸರು ಬೇಡ ಬಿಡಿ, ಯಾರೋ ಒಬ್ಬರ ಹತ್ತಿರ. ಇನ್ವರ್ಟರಿನಲ್ಲಿ ಕೆಂಪು ದೀಪ ಬಂತು ಅಂತ ಫೋನು ಮಾಡಿದರೆ ರಿಂಗಾಗುತ್ತೆ, ಎತ್ತೋರಿಲ್ಲ. ಸರಿ, ಆಫೀಸಿಗೇ ಹೋಗೋಣ ಅಂತ ಹೊರಟರು. ನಮ್ಮ ಕಡೆ ವಿಳಾಸ ಹೇಳೋ ಪದ್ಧತಿ ನಿಮಗೆ ಗೊತ್ತಲ್ಲ? ಮೆಹದಿಪಟ್ಟಣಂನಿಂದ ಆರಾಮ್‌ಘರ್ ತನಕ 11.6 ಕಿಲೋಮೀಟರಿನ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ 2009ರಲ್ಲಿ ಶುರುವಾದಾಗಿನಿಂದ ಕೆಳಗಿನ ಊರಿಗೆಲ್ಲ ಆ ಕಂಬದ ನಂಬರೇ ವಿಳಾಸ. ಮದುವೆ ಹಾಲು, ದವಾಖಾನೆ, ಬಿರಿಯಾನಿ ಹೋಟೆಲು, ಎಲ್ಲದಕ್ಕೂ "ಪಿಲ್ಲರ್ ನಂಬರ್ ಇಂಥದ್ದು, ಎದುರಿಗೆ". ಅಂಚೆಯವರಿಗೆ ಮನೆ ನಂಬರು ಬೇಕಾಗಬಹುದು, ಆಟೋದವರಿಗೆ ಕಂಬ ಸಾಕು. ಮೇಲೆ ಏರ್‌ಪೋರ್ಟಿಗೆ ಓಡುವ ಕಾರುಗಳಿಗೆ ಕೆಳಗೆ ಇಂಥದ್ದೊಂದು ಲೆಕ್ಕ ನಡೆಯುತ್ತಿದೆ ಅಂತ ಗೊತ್ತೇ ಇರಲ್ಲ. ಖಾಲಾ ಅವರ ತಮ್ಮ ವಾರಂಟಿ ಕಾಗದದಲ್ಲಿದ್ದ ಕಂಬಕ್ಕೇ ಹೋಗಿ ನಿಂತರು. ಕಂಬ ಇದೆ, ನಂಬರೂ ಇದೆ. ಎದುರಿನ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರ್ತಾರೆ. ಕಾಗದದಲ್ಲಿ ಬರೆದಿದ್ದು 25 ವರ್ಷ!

ವಾರಂಟಿ ಅಂದಾಗ ನನಗೆ ನಮ್ಮ ಮೈಸೂರಿನ ಮನೆಯ ಬಿಸ್ಕತ್ತಿನ ಡಬ್ಬ ನೆನಪಾಗುತ್ತೆ. ಅದರಲ್ಲಿ ಬಿಸ್ಕತ್ತು ಇದ್ದದ್ದು ನಾನಂತೂ ಕಂಡಿಲ್ಲ, ಬರೀ ಗ್ಯಾರಂಟಿ ಕಾರ್ಡು. ರೇಡಿಯೋದ್ದು, ಮಿಕ್ಸಿದು, ಇಸ್ತ್ರಿಪೆಟ್ಟಿಗೆದು, ಫ್ಯಾನಿಂದು. ಅಂಗಡಿಯ ನೇರಳೆ ಬಣ್ಣದ ಸೀಲು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಅಂತ ಅಪ್ಪ ಬೆಳಕಿಗೆ ಹಿಡಿದು ನೋಡಿಯೇ ಅಂಗಡಿಯ ಮೆಟ್ಟಿಲಿಳಿಯೋರು. ಫ್ಯಾನು ಕಿರುಗುಟ್ಟಿದರೆ ಆ ಕಾರ್ಡು ತೆಗೆದುಕೊಂಡು ಅದೇ ಅಂಗಡಿಗೆ ಹೋಗೋದು. ಅಂಗಡಿಯವರು ಕಾರ್ಡು ನೋಡ್ತಾನೇ ಇರಲಿಲ್ಲ. ಅಪ್ಪನ ಮುಖ ನೋಡಿ, ಒಳಗಿನಿಂದ ಒಬ್ಬ ಹುಡುಗನನ್ನ ಕರೆದು ಸೈಕಲ್ ಕೊಟ್ಟು ಕಳಿಸೋರು. ಕಂಪನಿ ಕಲ್ಕತ್ತದಲ್ಲಿತ್ತೋ ಮದರಾಸಿನಲ್ಲಿತ್ತೋ, ನಮಗೆ ಅದು ಬೇಕೇ ಆಗಿರಲಿಲ್ಲ. ಆ ಹುಡುಗ ಬರ್ತಿದ್ದ, ಏಣಿ ಹಾಕ್ತಿದ್ದ, ಕೆಲಸ ಆಗ್ತಿತ್ತು.

ಈಗಿನ ಸೋಲಾರಿನ ವಾರಂಟಿ ಬಿಚ್ಚಿ ನೋಡಿದರೆ ಒಂದರೊಳಗೆ ನಾಲ್ಕು ಇರುತ್ತೆ. ಪ್ಯಾನೆಲ್ಲು ಒಡೆಯದೆ, ನೀರು ಸೇರದೆ, ಫ್ರೇಮು ಬಿಡದೆ ಇರುತ್ತೆ ಅನ್ನೋದಕ್ಕೆ ಸಾಮಾನ್ಯವಾಗಿ 10 ಅಥವಾ 12 ವರ್ಷ, ಕೊಡೋದು ತಯಾರಿಸಿದ ಕಂಪನಿ. 25 ವರ್ಷ ಕಳೆದರೂ ಹೇಳಿದ ಶಕ್ತಿಯ 80 ಪರ್ಸೆಂಟಾದರೂ ಬರುತ್ತೆ ಅನ್ನೋದು ಇನ್ನೊಂದು, ಅದೂ ಕಂಪನಿಯದೇ. ಇನ್ವರ್ಟರಿಗೆ ಅದರ ಕಂಪನಿಯವರು 5 ವರ್ಷ, ಕೆಲವರು 8, 10. ಕೂರಿಸಿದ ಕೆಲಸ, ವೈರಿಂಗು, ಕಬ್ಬಿಣ, ಇವಕ್ಕೆ ಕೂರಿಸಿದವರೇ ಜವಾಬು, ಸಬ್ಸಿಡಿ ಯೋಜನೆಯಲ್ಲಿ ಅವರು 5 ವರ್ಷ ನೋಡಿಕೊಳ್ಳಲೇಬೇಕು. ಮಾರುವವರು ಮಾತಾಡುವಾಗ ಈ ನಾಲ್ಕನ್ನೂ ಕಲಸಿ "25 ವರ್ಷ ವಾರಂಟಿ ಸಾರ್, ಕಣ್ಣು ಮುಚ್ಚಿಕೊಂಡು ಹಾಕಿಸಿ" ಅಂದುಬಿಡ್ತಾರೆ. ನಿಜವಾಗಿ ಮೊದಲು ಕೈ ಕೊಡೋದು ಇನ್ವರ್ಟರು, ಅಥವಾ ಬಿಸಿಲಿಗೆ ಸಡಿಲವಾದ ಒಂದು ಕನೆಕ್ಟರು. ಉದ್ದದ ವಾರಂಟಿ ಇರೋದೋ, ಕೆಡುವ ಸಂಭವವೇ ಕಡಿಮೆ ಇರುವ ಪ್ಯಾನೆಲ್ಲಿಗೆ.

ಪ್ಯಾನೆಲ್ಲು ಎಷ್ಟು ಗಟ್ಟಿ ಅನ್ನೋದಕ್ಕೆ ಒಂದು ಸೊಗಸಾದ ಉದಾಹರಣೆ ಇದೆ. ಸ್ವಿಟ್ಜರ್‌ಲೆಂಡಿನ ಲುಗಾನೊದಲ್ಲಿ 1982ರಲ್ಲಿ ಒಂದು ಕಟ್ಟಡದ ಮೇಲೆ 10 ಕಿಲೋವಾಟಿನ ಪ್ಯಾನೆಲ್ಲು ಹಾಕಿ ಊರಿನ ಕರೆಂಟ್ ಲೈನಿಗೆ ಸೇರಿಸಿದರು. ಯುರೋಪಿನಲ್ಲಿ ಹಾಗೆ ಲೈನಿಗೆ ಸೇರಿದ ಮೊದಲ ಸೋಲಾರು ಅದು. 35 ವರ್ಷ ಕಳೆದ ಮೇಲೆ ಪರೀಕ್ಷೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಪ್ಯಾನೆಲ್ಲುಗಳು ಇನ್ನೂ ಮೊದಲಿನ ಶಕ್ತಿಯ 80 ಪರ್ಸೆಂಟಿಗಿಂತ ಮೇಲೇ ಇದ್ದವು. ಅವನ್ನು ಮಾಡಿದ್ದು ಅಮೆರಿಕದ ಆರ್ಕೊ ಸೋಲಾರ್. ಆ ಕಂಪನಿ ಆಮೇಲೆ ಸೀಮೆನ್ಸ್ ಕೈಗೆ ಹೋಯಿತು, ಸೀಮೆನ್ಸ್‌ನಿಂದ ಶೆಲ್‌ಗೆ, ಶೆಲ್‌ನಿಂದ ಸೋಲಾರ್‌ವರ್ಲ್ಡ್‌ಗೆ. 2017ರಲ್ಲಿ ಸೋಲಾರ್‌ವರ್ಲ್ಡೇ ದಿವಾಳಿ ಎದ್ದಿತು. ಕಂಪನಿ ಕೈಯಿಂದ ಕೈಗೆ ಹೋಗಿ ಮುಳುಗಿದರೂ ಪ್ಯಾನೆಲ್ಲುಗಳು ಮಾತ್ರ ಬಿಸಿಲಿಗೆ ಮೈಯೊಡ್ಡಿ ದುಡಿಯುತ್ತಲೇ ಇದ್ದವು! ನನಗಂತೂ ಇದು ಎಷ್ಟು ಸಲ ಹೇಳಿದರೂ ಬೇಸರವಾಗಲ್ಲ.

ಮುಳುಗಿದ್ದು ಅದೊಂದೇ ಅಲ್ಲ ಬಿಡಿ. ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು ಅನ್ನಿಸಿಕೊಂಡಿದ್ದ ಚೀನಾದ ಸನ್‌ಟೆಕ್ 2013ರಲ್ಲಿ, ಅಮೆರಿಕದ ಸನ್‌ಪವರ್ 2024ರಲ್ಲಿ. ನಮ್ಮ ಮೋಸರ್ ಬೇರ್ ನೆನಪಿದೆಯಲ್ಲ? ಅಗ್ಗದ ಸಿನಿಮಾ ಸಿ.ಡಿ. ಮಾರ್ತಿದ್ದರಲ್ಲ, ಅವರೇ. ಸೋಲಾರಿಗೂ ಇಳಿದಿದ್ದರು, 2018ರಲ್ಲಿ ಲಿಕ್ವಿಡೇಶನ್ನಿಗೆ ಹೋಯಿತು. ಹಾಗಂತ ಎಲ್ಲ ಕಡೆಯೂ ಹೀಗೇ ಅಂತಲ್ಲ. ಬೆಂಗಳೂರಿನ ಟಾಟಾ ಬಿಪಿ ಸೋಲಾರ್‌ನಿಂದ 2011ರ ಕೊನೆಗೆ ಬಿಪಿಯವರು ಹೊರಟುಹೋದರು, ಟಾಟಾದವರು ಉಳಿದುಕೊಂಡು ಟಾಟಾ ಪವರ್ ಸೋಲಾರ್ ಅಂತ ಹೆಸರಿಟ್ಟು ನಡೆಸಿದರು. ಹೈದರಾಬಾದಿನಲ್ಲೇ 1995ರಿಂದ ಪ್ರೀಮಿಯರ್ ಎನರ್ಜೀಸ್ ಇದೆ, ಸೆಲ್ಲೂ ಮಾಡ್ತಾರೆ, ಪ್ಯಾನೆಲ್ಲೂ ಮಾಡ್ತಾರೆ. ಆದರೂ 25 ವರ್ಷ ಅಂದರೆ ಈಗ ಒಂದನೇ ಕ್ಲಾಸಿನ ಮಗು ಮದುವೆ ಮಾಡಿಕೊಂಡು ಮನೆ ಕಟ್ಟಿಸುವಷ್ಟು ಕಾಲ. ಅಷ್ಟು ದಿನ ಯಾವ ಕಂಪನಿ ಇರುತ್ತೆ, ಯಾವುದು ಇರಲ್ಲ ಅಂತ ಹಾಲಿನ ಅಂಗಡಿ ಮುಂದೆ ನಿಂತು ನಾವು ಹೇಳೋಕಾಗುತ್ತಾ?

ಕಂಪನಿ ಇದ್ದರೂ ಇನ್ನೊಂದು ತೊಡಕಿದೆ, ಅದು ನನಗೆ ಬಹಳ ವಿಚಿತ್ರ ಅನ್ನಿಸುತ್ತೆ. ಆರೇಳು ವರ್ಷದ ಕೆಳಗೆ ಎಲ್ಲರ ತಾರಸಿಗೂ ನೀಲಿ ಬಣ್ಣದ 330 ವಾಟಿನ ಪ್ಯಾನೆಲ್ಲೇ ಬರುತ್ತಿದ್ದದ್ದು. ಈಗ ಆ ಅಳತೆಯದನ್ನ ಹುಡುಕಬೇಕು. ಅದರಲ್ಲೊಂದು ಕೆಟ್ಟಿತು ಅನ್ನಿ. ಬದಲಿಗೆ ಕಪ್ಪಗಿನ 540 ವಾಟಿನದು ಕೊಡ್ತೀವಿ ಅಂತಾರೆ. ಉದ್ದ ಬೇರೆ, ಅಗಲ ಬೇರೆ, ಹಳೇ ಕಬ್ಬಿಣದ ಮೇಲೆ ಕೂರಲ್ಲ. ಕೂರಿಸಿದರೂ ಒಂದೇ ಸಾಲಿನಲ್ಲಿ ಕರೆಂಟ್ ಹೊಂದಲ್ಲ, ಹೊಸದು ಹಳೆಯವುಗಳ ಮಟ್ಟಕ್ಕೇ ಇಳಿದು ಕೆಲಸ ಮಾಡಬೇಕು. ಅದಕ್ಕೇ ಕಾಗದದಲ್ಲಿ "ಬದಲಿ ಕೊಡುತ್ತೇವೆ, ಅಥವಾ ಕಡಿಮೆಯಾದ ಶಕ್ತಿಗೆ ತಕ್ಕ ಹಣ ಕೊಡುತ್ತೇವೆ" ಅಂತ ಒಂದು "ಅಥವಾ" ಸೇರಿಸಿಟ್ಟಿರ್ತಾರೆ. ಕೆಟ್ಟದ್ದನ್ನ ಇಳಿಸುವ ಕೂಲಿ, ಸಾಗಣೆ, ಹೊಸದನ್ನ ಹತ್ತಿಸುವ ಕೂಲಿ, ಇವು ಬಹಳಷ್ಟು ವಾರಂಟಿಗಳಲ್ಲಿ ನಮ್ಮ ಜೇಬಿನದೇ. 30 ಕಿಲೋದ ಗಾಜಿನ ಹಲಗೆಯನ್ನ ಈ ಇಕ್ಕಟ್ಟು ಮೆಟ್ಟಿಲಲ್ಲಿ ಮೂರನೇ ಮಹಡಿಗೆ ಹೊತ್ತು ಹತ್ತೋದು ಅಂದರೆ ಎಂಥ ಕೆಲಸ, ಯೋಚನೆ ಮಾಡಿ. ಇನ್ನು ಶಕ್ತಿ 80 ಪರ್ಸೆಂಟಿಗಿಂತ ಕೆಳಗಿಳಿದಿದೆ ಅಂತ ಸಾಬೀತು ಮಾಡೋದು ಹೇಗೆ? 25 ಡಿಗ್ರಿ ಬಿಸಿಯಲ್ಲಿ, ಇಷ್ಟೇ ಬೆಳಕಿನಲ್ಲಿ ಅಂತ ಲ್ಯಾಬಿನಲ್ಲಿ ಅಳೆದದ್ದೇ ಲೆಕ್ಕ. ನಮ್ಮ ಮೇ ತಿಂಗಳ ಮಧ್ಯಾಹ್ನ ಪ್ಯಾನೆಲ್ಲಿನ ಬೆನ್ನು 60 ಡಿಗ್ರಿ ದಾಟುತ್ತೆ, 25ಕ್ಕಿಂತ ಏರಿದ ಪ್ರತಿ ಡಿಗ್ರಿಗೂ ಶಕ್ತಿ ಹತ್ತಿರ ಹತ್ತಿರ ಮೂರನೇ ಒಂದು ಪರ್ಸೆಂಟಿನಷ್ಟು ಇಳಿಯುತ್ತೆ. ಬಿಸಿಲು ಜಾಸ್ತಿ ಅಂದರೆ ಕರೆಂಟೂ ಜಾಸ್ತಿ ಅಂದುಕೊಂಡವರು, 3 ಕಿಲೋವಾಟ್ ಹಾಕಿಸಿ ಮೇ ತಿಂಗಳಲ್ಲಿ ಮೊಬೈಲಿನ ಆ್ಯಪಿನಲ್ಲಿ 2.4 ನೋಡಿ ಗಾಬರಿಯಾಗ್ತಾರೆ. ಅದು ಕೆಟ್ಟಿಲ್ಲ, ಸೆಕೆಗೆ ಅದಕ್ಕೂ ಸುಸ್ತು. ಫೆಬ್ರವರಿಯ ತಿಳಿ ಆಕಾಶದಲ್ಲಿ ಅದೇ ಪ್ಯಾನೆಲ್ಲು ಇನ್ನೂ ಚುರುಕಾಗಿರುತ್ತೆ.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಕಾರ್ಯಕ್ರಮಕ್ಕೆ ಅಂತ ಹೋದರೆ ಈಗ ಕಾಫಿ ಹೊತ್ತಿನ ಮಾತೆಲ್ಲ ಇದೇ. ರಾಯಚೂರಿನವರು, ಕಲಬುರಗಿಯವರು, ನಮ್ಮಂಥ ಹಳೇ ಮೈಸೂರಿನವರು, ಎಲ್ಲರ ತಾರಸಿಯೂ ಅಲ್ಲಿಗೆ ಬಂದುಬಿಡುತ್ತೆ. ಒಬ್ಬರ ದೂರು: "ಲಕ್ಷಾಂತರ ಸುರಿದೀವ್ರಿ, ಹೊರಗ ಕರೆಂಟ್ ಹೋದ್ರ ಸೋಲಾರೂ ಬಂದ್ ಆಗ್ತದ!" ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಇನ್ವರ್ಟರು ಹಾಗೇ ಆಗಬೇಕು. ಲೈನಿನಲ್ಲಿ ಕರೆಂಟ್ ಇಲ್ಲ ಅಂತ ನಂಬಿ ಲೈನ್‌ಮನ್ ಕಂಬ ಹತ್ತಿರುತ್ತಾರೆ, ನಮ್ಮ ತಾರಸಿಯಿಂದ ಕರೆಂಟ್ ಅತ್ತ ಹೋದರೆ ಅವರ ಜೀವಕ್ಕೇ ಅಪಾಯ. ಇದನ್ನ ಮಾರುವಾಗಲೇ ಹೇಳಿಬಿಟ್ಟರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಹೇಳದೆ ಬಿಟ್ಟರೆ ಮೊದಲ ಪವರ್‌ಕಟ್ಟಿನ ದಿನವೇ ಜಗಳ. ಇನ್ನೊಂದು ದೂರು ಇದರ ತದ್ವಿರುದ್ಧ. ಟ್ರಾನ್ಸ್‌ಫಾರ್ಮರಿಗೆ ಹತ್ತಿರದ ಮನೆಗಳಲ್ಲಿ ಮಧ್ಯಾಹ್ನ ವೋಲ್ಟೇಜ್ ಏರಿದರೆ ಇನ್ವರ್ಟರು ತಾನಾಗೇ ಕೈ ಎತ್ತಿಬಿಡುತ್ತೆ. ಇನ್ವರ್ಟರಿನವರನ್ನ ಕೇಳಿದರೆ ಲೈನಿನ ತೊಂದರೆ, ವಾರಂಟಿಗೆ ಬರಲ್ಲ ಅಂತಾರೆ. ಕರೆಂಟಿನವರನ್ನ ಕೇಳಿದರೆ ನಿಮ್ಮ ಇನ್ವರ್ಟರನ್ನೇ ತೋರಿಸಿಕೊಳ್ಳಿ ಅಂತಾರೆ. ನಡುವೆ ಒಳ್ಳೇ ಬಿಸಿಲೆಲ್ಲ ದಂಡ.

ವಾರಂಟಿಗೆ ಬಾರದ ಇನ್ನೊಂದು ಬಾಬತ್ತು ನಮ್ಮ ಓಣಿಯ ಹುಡುಗರು. ಧೂಲ್‌ಪೇಟೆಯ ಗಾಳಿಪಟದ ಅಂಗಡಿಗಳು ಇಲ್ಲಿಗೆ ದೂರವೇನಲ್ಲ, ಸಂಕ್ರಾಂತಿ ಮುಗಿದ ಮೇಲೆ ನೋಡಿ, ಪ್ಯಾನೆಲ್ಲಿನ ಮೂಲೆಮೂಲೆಗೆ ಮಾಂಜಾ ದಾರ, ಹರಿದ ಪಟ. ಅದಾದರೂ ಬಿಡಿಸಬಹುದು. ಭಾನುವಾರದ ಕ್ರಿಕೆಟ್ ಚೆಂಡು? ಪ್ಯಾನೆಲ್ಲಿನ ಗಾಜಿಗೆ ಒಂದು ಪರೀಕ್ಷೆ ಇದೆ, 25 ಮಿಲಿಮೀಟರಿನ ಮಂಜುಗಡ್ಡೆಯ ಗುಂಡನ್ನ ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೀತಾರೆ, ಒಡೀಬಾರದು. ಆಲಿಕಲ್ಲಿನ ಲೆಕ್ಕ ಅದು. ಕಾರ್ಕ್ ಚೆಂಡಿನ ಸಿಕ್ಸರ್ ಬಗ್ಗೆ ಆ ಪರೀಕ್ಷೆ ಏನೂ ಹೇಳಲ್ಲ. ಚೆಂಡು ಬಿದ್ದು ಗಾಜು ಬಿರುಕು ಬಿಟ್ಟರೆ ಕಂಪನಿಯವರೂ ಬರಲ್ಲ, ಕೂರಿಸಿದವರೂ ಬರಲ್ಲ. ಮನೆಗೆ ಇನ್ಶೂರೆನ್ಸ್ ಇದ್ದರೆ ಅದರಲ್ಲಿ ಸೋಲಾರನ್ನೂ ಸೇರಿಸಿಕೊಳ್ಳಬೇಕು ಅಷ್ಟೇ. ಬೋರಿನ ನೀರಲ್ಲಿ ತೊಳೆಯೋದೂ ಹಾಗೇ. ನಮ್ಮ ಕಡೆಯ ಗಡಸು ನೀರು ಒಣಗಿದ ಮೇಲೆ ಬಿಳಿ ಪೊರೆ ಬಿಡುತ್ತೆ, ಪ್ಯಾನೆಲ್ಲಿನ ಮೇಲೆ ಅದು ಕೂತರೆ ಉಜ್ಜಿ ತೆಗೆಯೋಕೆ ಹೋಗಿ ಗೀರು. ಪಾರಿವಾಳಗಳ ಕಥೆ ಶುರುಮಾಡಿದರೆ ಮುಗಿಯಲ್ಲ. ಪ್ಯಾನೆಲ್ಲಿನ ಕೆಳಗಿನ ತಂಪು ಅವಕ್ಕೆ ಅದು ಹೇಗೆ ಗೊತ್ತಾಗುತ್ತೋ, ಕೂರಿಸಿದವರು ಏಣಿ ಇಳಿಯೋ ಮುಂಚೆ ಸಂಸಾರ ಹೂಡಿರ್ತವೆ.

ನನಗನ್ನಿಸೋದು ಇಷ್ಟು. ರೇಟು ಕೇಳುವಾಗಲೇ ತಾರಸಿ ಹತ್ತಿ ಬರೋರು ಯಾರು ಅಂತ ಕೇಳಬೇಕು. ಯಾಕೆಂದರೆ ಅವರು ಬರೋದಕ್ಕೂ ಖರ್ಚಿದೆ, ಅದು ಮೊದಲ ದಿನದ ರೇಟಿನಲ್ಲೇ ಸೇರಿರಬೇಕು. 1.65 ಲಕ್ಷದವರು ಬಿಟ್ಟದ್ದು ಬರೀ ಅರ್ಥಿಂಗಿನ ಗುಂಡಿಯನ್ನಲ್ಲ, ನಾಲ್ಕನೇ ವರ್ಷಕ್ಕೂ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಾದ ಒಬ್ಬ ಹುಡುಗನನ್ನೂ ಬಿಟ್ಟಿರ್ತಾರೆ. ಇದನ್ನ ಕರ್ನಾಟಕದಲ್ಲಿ ಬಹಳ ಮೊದಲೇ ಮನಗಂಡವರಿದ್ದಾರೆ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಸೆಲ್ಕೊ ಶುರುಮಾಡಿದಾಗ ಗಿರಾಕಿಗಳು ಅಂದರೆ ಕರೆಂಟೇ ಕಾಣದ ಹಳ್ಳಿಮನೆಗಳು, ಎರಡು ದೀಪ, ನಾಲ್ಕು ದೀಪದ ಸೋಲಾರು. ಬಡವರು ಇದನ್ನ ಕೊಳ್ಳೋದೂ ಇಲ್ಲ, ಕೊಂಡರೂ ನೋಡಿಕೊಳ್ಳಲ್ಲ ಅನ್ನೋರ ನಡುವೆ ಅವರು ಬ್ಯಾಂಕಿನಿಂದ ಸಾಲ ಕೊಡಿಸಿದರು, ಅಲ್ಲಲ್ಲೇ ಸರ್ವೀಸ್ ಸೆಂಟರ್ ತೆರೆದು ಅದೇ ಸೀಮೆಯ ಹುಡುಗರಿಗೆ ಕೆಲಸ ಕಲಿಸಿ ಕೂರಿಸಿದರು. ದೀಪ ಆರಿದರೆ ಗುರುತಿರುವ ಮುಖವೇ ಬರುತ್ತೆ. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸರ್ವೀಸ್ ಅನ್ನೋದನ್ನ ಮಾರಾಟದ ಬೆನ್ನಿಗೆ ಕಟ್ಟಿದ ಆ ಕ್ರಮ ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುತ್ತೆ. ಎರಡು ದೀಪಕ್ಕೆ ಮಾಡಿದ್ದನ್ನ ಎರಡು ಲಕ್ಷದ ಸಾಮಾನಿಗೆ ಮಾಡೋಕಾಗಲ್ಲ ಅಂದರೆ ಹೇಗೆ, ಅಲ್ವಾ?

ಕಾಕಾಗೂ ಅದನ್ನೇ ಹೇಳಿದೆ. ನಾಲ್ಕು ವಾರಂಟಿಯನ್ನೂ ಬೇರೆಬೇರೆ ಸಾಲಾಗಿ, ಯಾರು ಕೊಡ್ತಾರೆ ಅಂತ ಹೆಸರು ಹಾಕಿಸಿ ಬರೆಸಿಕೊಳ್ಳಿ. ಪ್ರತಿ ಪ್ಯಾನೆಲ್ಲಿನ ಸೀರಿಯಲ್ ನಂಬರು ಬಿಲ್ಲಿನಲ್ಲಿ ಇರಲಿ, ಮೇಲೆ ಹತ್ತಿಸೋ ಮುಂಚೆ ಫೋಟೋ ಹಿಡಿದಿಟ್ಟುಕೊಳ್ಳಿ, ಕಂಪನಿ ಮೊದಲು ಕೇಳೋದು ಅದನ್ನೇ. ಕೂರಿಸಿ ಮೂರು ನಾಲ್ಕು ವರ್ಷ ಆಗಿರುವ ಒಂದೆರಡು ಮನೆಗಳ ವಿಳಾಸ ಕೇಳಿ, ಹೋದ ತಿಂಗಳು ಹಾಕಿಸಿದವರದು ಬೇಡ. ಕಡೆಗೆ ಏನೂ ನಡೆಯದಿದ್ದರೆ 1915ಕ್ಕೆ ಫೋನು ಮಾಡಿದರೆ ಗ್ರಾಹಕರ ಸಹಾಯವಾಣಿ ಇದೆ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನಾವಿರುವ ಊರಿನಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲಿದೆ ಅಂತ ಅಲ್ಲಿಗೆ ಅಲೆಯಬೇಕಿಲ್ಲ. 5 ಲಕ್ಷದ ಒಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ತೊಂದರೆ ಶುರುವಾದ ಎರಡು ವರ್ಷದೊಳಗೆ ಹೋಗಬೇಕು ಅಷ್ಟೇ. ಖಾಲಾ ಅವರ ತಮ್ಮನಿಗೂ ಇದೇ ಹೇಳಿ ಕಳಿಸಿದ್ದೇವೆ. ಅದಕ್ಕಿಂತ ಮುಂಚೆ ಇನ್ವರ್ಟರಿನ ಕಂಪನಿಗೇ ನೇರವಾಗಿ ಬರೆಯಿರಿ ಅಂತಲೂ ಹೇಳಿದ್ದೇವೆ. ಕೂರಿಸಿದವರು ಊರು ಬಿಟ್ಟರೂ ಇನ್ವರ್ಟರಿನ ವಾರಂಟಿ ಕಂಪನಿಯದ್ದು, ಅದಿನ್ನೂ ನಾಲ್ಕನೇ ವರ್ಷದಲ್ಲಿದೆ.

ಇಷ್ಟೆಲ್ಲ ಹೇಳಿದೆ ಅಂತ ಸೋಲಾರೇ ಬೇಡ ಅಂದೆ ಅಂದುಕೊಳ್ಳಬೇಡಿ. ಬಿಳಿ ರೇಷನ್ ಕಾರ್ಡಿನವರಿಗೆ ಇಲ್ಲಿನ ಗೃಹಜ್ಯೋತಿಯಲ್ಲಿ 200 ಯೂನಿಟ್ ತನಕ ಸೊನ್ನೆ ಬಿಲ್ಲು, ಅವರಿಗೆ ಇದರ ಚಿಂತೆಯಿಲ್ಲ. ಕರ್ನಾಟಕದಲ್ಲೂ ಅದೇ ಹೆಸರು, ಅದೇ 200. ಆದರೆ ಕಾಕಾ ಅವರ ಮನೆಯಲ್ಲಿ ಎರಡು ಎಸಿ, ಬೇಸಿಗೆಯಲ್ಲಿ 400 ಯೂನಿಟ್ ಸಲೀಸಾಗಿ ದಾಟುತ್ತೆ. ಇಲ್ಲಿ 200 ದಾಟಿದರೆ ಯೂನಿಟ್ಟಿಗೆ 7 ರೂಪಾಯಿ 70 ಪೈಸೆ, 300 ದಾಟಿದರೆ 9. 3 ಕಿಲೋವಾಟ್ ದಿನಕ್ಕೆ 12 ಯೂನಿಟ್ ಕೊಟ್ಟರೂ ತಿಂಗಳಿಗೆ 360 ಕಳೆದು 40ಕ್ಕೆ ಇಳಿಯಿತು, ಮೇಲಿನ ದುಬಾರಿ ಯೂನಿಟ್ಟುಗಳೇ ಮೊದಲು ಉದುರೋದು. ತಿಂಗಳಿಗೆ ಎರಡೂವರೆ ಸಾವಿರ ಉಳಿದರೆ, ಸಬ್ಸಿಡಿ ಕಳೆದು ಕೈಯಿಂದ ಹಾಕಿದ ದುಡ್ಡು ನಾಲ್ಕು ವರ್ಷ, ಹೆಚ್ಚೆಂದರೆ ಐದಕ್ಕೆ ಮರಳುತ್ತೆ. ಆ ನಾಲ್ಕೈದು ವರ್ಷ ಪೂರ್ತಿ ಅದು ಕೆಲಸ ಮಾಡ್ತಾ ಇದ್ದರೆ ಅನ್ನಿ.

ಕಾಕಾ ಸದ್ಯಕ್ಕೆ 1.90 ಲಕ್ಷದವರ ಕಡೆಗೆ ವಾಲಿದ್ದಾರೆ. ಅವರ ಅಂಗಡಿ ರೇತಿಬೌಲಿಯಲ್ಲೇ ಇದೆ, ನಡೆದುಕೊಂಡು ಹೋಗಿ ಬರಬಹುದು, ಗುಡಿಮಲ್ಕಾಪುರದಲ್ಲಿ ಅವರು ಹಾಕಿದ ಹಳೇ ಮನೆಯೊಂದನ್ನೂ ಕಾಕಾ ನೋಡಿಬಂದರು. ಹಾಂ, ನಿಮ್ಮ ಮನೆಗೂ ಕೋಟೇಶನ್ ಬಂದಿದೆ ಅಂದ್ರಲ್ಲ, ಅದರಲ್ಲಿ ಜಿಎಸ್‌ಟಿ ಸಾಲು ಒಮ್ಮೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ತೆರಿಗೆ 12ರಿಂದ 5ಕ್ಕೆ ಇಳಿದಿದೆ. ಕೂರಿಸುವ ಕೆಲಸದ ಪಾಲನ್ನೂ ಸೇರಿಸಿ ಮೊದಲು ಒಟ್ಟು 13.8 ಪರ್ಸೆಂಟ್ ಬೀಳುತ್ತಿತ್ತು, ಈಗ 8.9. ಕೆಲವರು ಹಳೇ ಕಾಗದವನ್ನೇ ತಾರೀಕು ಬದಲಾಯಿಸಿ ಕೊಡ್ತಿದ್ದಾರೆ. ಎರಡು ಲಕ್ಷದ ಮೇಲೆ 9,800 ರೂಪಾಯಿ ವ್ಯತ್ಯಾಸ ಆಗುತ್ತೆ. ಸಂಜೆ ಕಾಗದ ತನ್ನಿ, ಕಾಕಾನೂ ಬರ್ತಾರೆ, ಕೂತು ನೋಡೋಣ.